ಲಿನಕ್ಸ್‌ನಲ್ಲಿ ಗಣಕ ಆಟಗಳು: ತಂತ್ರ ಸಿದ್ಧ, ಅನುಮತಿ ಬಾಕಿ

ಲಿನಕ್ಸ್‌ನ ಗುಣಗಳನ್ನು ಎಷ್ಟೇ ವಿವರಿಸಿ ಹೇಳಿದರೂ ಕೊನೆಗೆ ಕೇಳುಗರಿಂದ, ಅದರಲ್ಲೂ ಹುಡುಗ ಹುಡುಗಿಯರಿಂದ, ಒಂದು ಪ್ರಶ್ನೆ ಬಂದೇ ಬರುತ್ತದೆ: "ಅದರಲ್ಲಿ ಗೇಮ್ಸ್ ಆಡಬಹುದೇ?" ಹದಿನೈದು ವರ್ಷಗಳ ಹಿಂದೆ ಇದಕ್ಕೆ ಪ್ರಾಮಾಣಿಕ ಉತ್ತರ "ಹೆಚ್ಚುಕಡಿಮೆ ಇಲ್ಲ" ಎಂಬುದೇ ಆಗಿತ್ತು. ಇಸ್ಪೀಟು, ಚದುರಂಗ, ಉತ್ಸಾಹಿಗಳು ಬರೆದ ಕೆಲವು ಮುಕ್ತ ಆಟಗಳು, ಬೆರಳೆಣಿಕೆಯ ವಾಣಿಜ್ಯ ಆಟಗಳು - ಅಲ್ಲಿಗೆ ಪಟ್ಟಿ ಮುಗಿಯುತ್ತಿತ್ತು. ಇಂದು ವಿಂಡೋಸ್‌ಗಾಗಿ ತಯಾರಾದ ಸಾವಿರಾರು ಆಟಗಳು ಲಿನಕ್ಸ್ ಗಣಕಗಳಲ್ಲಿ ಓಡುತ್ತವೆ. ಎಷ್ಟೋ ವೇಳೆ ವಿಂಡೋಸ್‌ನಲ್ಲಿ ಓಡುವಷ್ಟೇ ಸಲೀಸಾಗಿ ಓಡುತ್ತವೆ.

ಇದು ಸಣ್ಣ ಸಾಧನೆಯೇನೂ ಅಲ್ಲ. ಆದರೆ ಹೊಗಳುವ ಭರದಲ್ಲಿ ಎರಡು ಸಂಗತಿಗಳು ಮರೆಯಾಗುತ್ತಿವೆ. ಒಂದು, ಹೀಗೆ ಓಡುತ್ತಿರುವ ಆಟಗಳಲ್ಲಿ ಬಹುಪಾಲು ಲಿನಕ್ಸ್‌ಗೆಂದು ಬರೆದವಲ್ಲ. ಎರಡು, ಇನ್ನೂ ಓಡದಿರುವ ಹೆಸರಾಂತ ಆಟಗಳಲ್ಲಿ ಹಲವನ್ನು ತಡೆದು ನಿಲ್ಲಿಸಿರುವುದು ತಯಾರಕರ ನಿರ್ಧಾರವೇ ಹೊರತು ತಾಂತ್ರಿಕ ತೊಡಕಲ್ಲ. ಈ ಎರಡನ್ನೂ ಮುಂದಿಟ್ಟುಕೊಂಡು ಇಂದಿನ ಸ್ಥಿತಿಯನ್ನು ಒರೆಹಚ್ಚಿ ನೋಡೋಣ.

ಆಟ ಏಕೆ ಓಡುವುದಿಲ್ಲ?

ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಗಣಕದ ಪ್ರೊಸೆಸರ್ ಅದೇ. ಕೂಡುವ, ಕಳೆಯುವ, ಹೋಲಿಸುವ ಆದೇಶಗಳು ಎರಡರಲ್ಲೂ ಒಂದೇ. ತೊಡಕು ಬರುವುದು ಆಟವು ಕಾರ್ಯಾಚರಣ ವ್ಯವಸ್ಥೆಯಿಂದ ಸೇವೆ ಕೇಳುವಾಗ. ಕಡತ ತೆರೆಯಬೇಕು, ಧ್ವನಿ ಹೊರಡಿಸಬೇಕು, ಕೀಲಿಮಣೆಯ ಒತ್ತುಗಳನ್ನು ಪಡೆಯಬೇಕು, ಪರದೆಯ ಮೇಲೆ ಲಕ್ಷಗಟ್ಟಲೆ ತ್ರಿಕೋನಗಳನ್ನು ಚಿತ್ರಿಸಬೇಕು. ಈ ಪ್ರತಿಯೊಂದು ಸೇವೆಯನ್ನು ಕೇಳುವ ವಿಧಾನ ವಿಂಡೋಸ್‌ನಲ್ಲಿ ಒಂದು, ಲಿನಕ್ಸ್‌ನಲ್ಲಿ ಇನ್ನೊಂದು. ಚಿತ್ರ ಬರೆಯಲು ವಿಂಡೋಸ್ ಆಟಗಳು ಸಾಮಾನ್ಯವಾಗಿ ಬಳಸುವುದು ಮೈಕ್ರೋಸಾಫ್ಟ್‌ನ ಡೈರೆಕ್ಟ್‌ಎಕ್ಸ್ ಎಂಬ ಸಂಪರ್ಕ ಪದರವನ್ನು. ಲಿನಕ್ಸ್‌ನಲ್ಲಿ ಅದಿಲ್ಲ. ಅಲ್ಲಿರುವುದು ಓಪನ್‌ಜಿಎಲ್ ಮತ್ತು ವಲ್ಕನ್.

ಸಣ್ಣಪುಟ್ಟ ವ್ಯತ್ಯಾಸಗಳೂ ಕಾಡುತ್ತವೆ. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವನ್ನು ವಿಂಡೋಸ್ ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ಆಟ ಬರೆದವರು ಒಂದು ಕಡೆ ದೊಡ್ಡಕ್ಷರದಲ್ಲಿ, ಮತ್ತೊಂದು ಕಡೆ ಚಿಕ್ಕಕ್ಷರದಲ್ಲಿ ಹೆಸರು ಬರೆದಿದ್ದರೆ ವಿಂಡೋಸ್‌ನಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತದೆ, ಲಿನಕ್ಸ್‌ನಲ್ಲಿ "ಕಡತ ಸಿಗಲಿಲ್ಲ" ಎಂದು ಆಟ ನಿಂತುಬಿಡುತ್ತದೆ. ಇದೊಂದರ ಸಲುವಾಗಿಯೂ ಕೆಲಸ ನಡೆಯಬೇಕಾಯಿತು. 2019ರಲ್ಲಿ ಬಂದ ಲಿನಕ್ಸ್ 5.2 ಆವೃತ್ತಿಯಲ್ಲಿ ಈ ಭೇದವನ್ನು ಬೇಕಾದ ಕಡತಕೋಶಗಳಲ್ಲಿ ಕೈಬಿಡುವ ಸೌಲಭ್ಯವನ್ನು ಸೇರಿಸಲಾಯಿತು.

ಮೊದಲ ದಾರಿ: ಲಿನಕ್ಸ್‌ಗೇ ಬರೆಯುವುದು

ಆಟದ ಆಕರ ಸಂಕೇತವನ್ನು ತಿದ್ದಿ ಲಿನಕ್ಸ್‌ಗೆಂದೇ ಇನ್ನೊಂದು ಆವೃತ್ತಿ ತಯಾರಿಸುವುದು ನೇರವಾದ ದಾರಿ. ಇದು ಹೊಸದಲ್ಲ. ಐಡಿ ಸಾಫ್ಟ್‌ವೇರ್‌ನ 'ಡೂಮ್' ಆಟ 1994ರಲ್ಲೇ ಲಿನಕ್ಸ್‌ಗೆ ಬಂದಿತ್ತು. 1998ರಲ್ಲಿ ಅಮೆರಿಕದಲ್ಲಿ ಆರಂಭವಾದ ಲೋಕಿ ಸಾಫ್ಟ್‌ವೇರ್ ಎಂಬ ಸಂಸ್ಥೆ ಇದನ್ನೇ ಉದ್ಯೋಗವಾಗಿಸಿಕೊಂಡು 'ಸಿವಿಲೈಸೇಶನ್: ಕಾಲ್ ಟು ಪವರ್' ಮುಂತಾದ ಆಟಗಳನ್ನು ಲಿನಕ್ಸ್‌ಗೆ ತಂದಿತು. ಆದರೆ ಕೊಳ್ಳುವವರ ಸಂಖ್ಯೆ ಸಾಲದೆ 2002ರ ಆರಂಭದಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ದುಡಿದ ಸ್ಯಾಮ್ ಲ್ಯಾಂಟಿಂಗಾ ಅವರು ರೂಪಿಸಿದ ಎಸ್‌ಡಿಎಲ್ ಎಂಬ ತಂತ್ರಾಂಶ ಭಂಡಾರ ಮಾತ್ರ ಉಳಿದು ಬೆಳೆದು ಇಂದಿಗೂ ಅಸಂಖ್ಯಾತ ಆಟಗಳಲ್ಲಿ ಬಳಕೆಯಾಗುತ್ತಿದೆ.

ಲೋಕಿ ಕಂಡ ಸಮಸ್ಯೆ ಬೀಜ ಮೊದಲೋ ವೃಕ್ಷ ಮೊದಲೋ ಎಂಬಂಥದ್ದು. ಆಟಗಳಿಲ್ಲದ್ದರಿಂದ ಆಟಗಾರರು ಲಿನಕ್ಸ್‌ಗೆ ಬರುವುದಿಲ್ಲ. ಆಟಗಾರರಿಲ್ಲದ್ದರಿಂದ ಯಾರೂ ಲಿನಕ್ಸ್‌ಗೆ ಆಟ ಬರೆಯುವುದಿಲ್ಲ. ಆಟಗಳನ್ನು ಅಂತರಜಾಲದ ಮೂಲಕ ಮಾರುವ ಸ್ಟೀಮ್ ಅಂಗಡಿಯ ಒಡೆಯ ವಾಲ್ವ್ ಸಂಸ್ಥೆಗೂ ಇದೇ ಅನುಭವವಾಯಿತು. ವಿಂಡೋಸ್ 8ರಲ್ಲಿ ಮೈಕ್ರೋಸಾಫ್ಟ್ ತನ್ನದೇ ತಂತ್ರಾಂಶ ಅಂಗಡಿಯನ್ನು ತೆರೆದದ್ದು ವಾಲ್ವ್‌ಗೆ ಎಚ್ಚರಿಕೆಯ ಗಂಟೆಯಾಯಿತು. 2013ರ ಫೆಬ್ರವರಿಯಲ್ಲಿ ಅದು ಲಿನಕ್ಸ್‌ಗೆ ಸ್ಟೀಮ್ ತಂದಿತು. 2015ರಲ್ಲಿ ಬೇರೆ ಬೇರೆ ತಯಾರಕರಿಂದ 'ಸ್ಟೀಮ್ ಮಷಿನ್' ಎಂಬ ಲಿನಕ್ಸ್ ಗಣಕಗಳನ್ನು ಮಾರುಕಟ್ಟೆಗೆ ಬಿಡಿಸಿತು. ಅವು ಸೋತವು. ಆಟಗಾರರು ಬಯಸಿದ ಹೊಸ ಆಟಗಳು ಅವುಗಳಲ್ಲಿ ಇರಲಿಲ್ಲ ಎಂಬುದು ಸೋಲಿನ ಮುಖ್ಯ ಕಾರಣ.

ಎರಡನೆಯ ದಾರಿ: ದುಭಾಷಿ

ಆಟವನ್ನು ಬದಲಿಸದೆ, ಅದು ಕೇಳುವ ಸೇವೆಗಳನ್ನು ಲಿನಕ್ಸ್‌ಗೆ ಅರ್ಥವಾಗುವಂತೆ ಅನುವಾದಿಸಿ ಕೊಟ್ಟರೆ? ವೈನ್ ಎಂಬ ಮುಕ್ತ ತಂತ್ರಾಂಶ ಯೋಜನೆ 1993ರಲ್ಲಿ ಹೊರಟಿದ್ದು ಈ ದಾರಿಯಲ್ಲಿ. 1994ರಿಂದ ಇದರ ನೇತೃತ್ವ ವಹಿಸಿರುವವರು ಅಲೆಕ್ಸಾಂಡರ್ ಜೂಲಿಯಾರ್. ವೈನ್ ಇನ್ನೊಂದು ಗಣಕವನ್ನೇ ಅನುಕರಿಸುವ ತಂತ್ರಾಂಶವಲ್ಲ ಎಂಬುದನ್ನು ನೆನಪಿಡಿ. ಆಟದ ಆದೇಶಗಳನ್ನು ಪ್ರೊಸೆಸರ್ ನೇರವಾಗಿಯೇ ನಿರ್ವಹಿಸುತ್ತದೆ. ವಿಂಡೋಸ್‌ನ ಸೇವೆ ಕೇಳಿದಾಗ ಮಾತ್ರ ವೈನ್ ದುಭಾಷಿಯಂತೆ ನಡುವೆ ನಿಂತು ಕೆಲಸ ಮಾಡಿಸಿಕೊಡುತ್ತದೆ. ವೇಗದಲ್ಲಿ ಹೆಚ್ಚು ನಷ್ಟವಾಗದಿರುವುದಕ್ಕೆ ಇದೇ ಕಾರಣ.

ಕೇಳಲು ಸುಲಭ, ಮಾಡಲು ಕಷ್ಟ. ವಿಂಡೋಸ್‌ನ ಆಕರ ಸಂಕೇತವನ್ನು ನೋಡದೆ, ಅದರ ಸಾವಿರಾರು ಸೇವೆಗಳ ಹೊರಗಿನ ವರ್ತನೆಯನ್ನು ಮಾತ್ರ ಗಮನಿಸಿ, ಒಂದೊಂದನ್ನೂ ಹೊಸದಾಗಿ ಬರೆಯಬೇಕು. ವಿಂಡೋಸ್‌ನ ದೋಷಗಳನ್ನೇ ನಂಬಿ ಬರೆದ ಆಟಗಳಿದ್ದರೆ ಆ ದೋಷಗಳನ್ನೂ ಹಾಗೆಯೇ ಒದಗಿಸಬೇಕು! ವೈನ್‌ನ 1.0 ಆವೃತ್ತಿ ಹೊರಬಂದದ್ದು 2008ರ ಜೂನ್‌ನಲ್ಲಿ, ಅಂದರೆ ಹದಿನೈದು ವರ್ಷಗಳ ದುಡಿಮೆಯ ನಂತರ. ಆಗಲೂ ಹೊಸ ಆಟಗಳ ಮಟ್ಟಿಗೆ ಅದು ಅದೃಷ್ಟದ ಆಟವೇ ಆಗಿತ್ತು.

ಚಿತ್ರ ಬದಲಾದದ್ದು ಎರಡು ಬೆಳವಣಿಗೆಗಳಿಂದ. 2016ರ ಫೆಬ್ರವರಿಯಲ್ಲಿ ಕ್ರೋನೋಸ್ ಒಕ್ಕೂಟ ವಲ್ಕನ್ ಎಂಬ ಮುಕ್ತ ಗ್ರಾಫಿಕ್ಸ್ ಮಾನಕವನ್ನು ಪ್ರಕಟಿಸಿತು. ಗ್ರಾಫಿಕ್ಸ್ ಕಾರ್ಡಿನ ಮೇಲೆ ಹೆಚ್ಚು ನೇರವಾದ ಹಿಡಿತ ಕೊಡುವ ಇದು ಅನುವಾದಕ್ಕೆ ಹೇಳಿಮಾಡಿಸಿದಂತಿತ್ತು. ಆ ಬಳಿಕ ಫಿಲಿಪ್ ರೆಬೋಲೆ ಎಂಬ ತಂತ್ರಜ್ಞರು 'ನಿಯರ್: ಆಟೊಮೇಟಾ' ಎಂಬ ಆಟವನ್ನು ಲಿನಕ್ಸ್‌ನಲ್ಲಿ ಆಡಿಸುವ ಹಟದಿಂದ ಡೈರೆಕ್ಟ್‌ಎಕ್ಸ್ 11ರ ಆದೇಶಗಳನ್ನು ವಲ್ಕನ್‌ಗೆ ಅನುವಾದಿಸುವ ಡಿಎಕ್ಸ್‌ವಿಕೆ ತಂತ್ರಾಂಶವನ್ನು ಬರೆದರು. ವಾಲ್ವ್ ಈ ಕೆಲಸಕ್ಕೆ ಬೆಂಬಲವಾಗಿ ನಿಂತಿತು. ವೈನ್, ಡಿಎಕ್ಸ್‌ವಿಕೆ ಮತ್ತಿತರ ತುಣುಕುಗಳನ್ನು ಒಟ್ಟುಗೂಡಿಸಿ 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಎಂಬ ಹೆಸರಿನಲ್ಲಿ ಸ್ಟೀಮ್‌ಗೆ ಸೇರಿಸಿತು. ಮೊದಲ ದಿನ ಅಧಿಕೃತವಾಗಿ ಒಪ್ಪಿದ ಆಟಗಳು 27 ಮಾತ್ರ. 2022ರ ಫೆಬ್ರವರಿಯಲ್ಲಿ ಲಿನಕ್ಸ್ ಆಧಾರಿತವಾದ 'ಸ್ಟೀಮ್ ಡೆಕ್' ಎಂಬ ಕೈಗಣಕ ಹೊರಬರುವ ವೇಳೆಗೆ ಪ್ರೋಟಾನ್ ಮೂಲಕ ಓಡುವ ಆಟಗಳ ಸಂಖ್ಯೆ ಸಾವಿರಗಳನ್ನು ದಾಟಿತ್ತು.

ಮೆಚ್ಚಬೇಕಾದದ್ದು

ಪ್ರೋಟಾನ್‌ನ ನಿಜವಾದ ಗುಣ ಕಾಣುವುದು ಅದು ಬಿಡಿಸಿದ ಕಗ್ಗಂಟುಗಳಲ್ಲಿ. ಒಂದು ಉದಾಹರಣೆ ನೋಡಿ. ಇಂದಿನ ಆಟಗಳು ಒಂದೇ ಸಲಕ್ಕೆ ಹತ್ತಾರು ಎಳೆಗಳಲ್ಲಿ ಕೆಲಸ ಮಾಡುತ್ತವೆ. ಒಂದು ಎಳೆ ಇನ್ನೊಂದಕ್ಕಾಗಿ ಕಾಯುತ್ತದೆ. "ಈ ಐದು ಘಟನೆಗಳಲ್ಲಿ ಯಾವುದಾದರೂ ಒಂದು ನಡೆದರೆ ನನ್ನನ್ನು ಎಬ್ಬಿಸು" ಎಂದು ಕೇಳುವ ಸೌಲಭ್ಯ ವಿಂಡೋಸ್‌ನಲ್ಲಿತ್ತು, ಲಿನಕ್ಸ್‌ನಲ್ಲಿ ಅದೇ ರೀತಿಯದು ಇರಲಿಲ್ಲ. ವೈನ್ ಇದಕ್ಕಾಗಿ ಪ್ರತಿ ಸಲ ತನ್ನದೇ ಒಂದು ಮಧ್ಯವರ್ತಿ ಪ್ರಕ್ರಿಯೆಯ ಬಳಿ ಹೋಗಿ ಬರಬೇಕಿತ್ತು. ಸೆಕೆಂಡಿಗೆ ಸಾವಿರಾರು ಬಾರಿ ಹೀಗೆ ಓಡಾಡಿದರೆ ಆಟ ತಡವರಿಸದೆ ಇರುತ್ತದೆಯೇ? ಪರಿಹಾರವನ್ನು ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲೇ ಹುಡುಕಲಾಯಿತು. 2022ರ ಜನವರಿಯಲ್ಲಿ ಬಂದ 5.16 ಆವೃತ್ತಿಯಲ್ಲಿ ಹಲವು ಘಟನೆಗಳಿಗೆ ಒಟ್ಟಿಗೆ ಕಾಯುವ ಸೌಲಭ್ಯ ಸೇರಿತು. 2025ರ ಮಾರ್ಚ್‌ನಲ್ಲಿ ಬಂದ 6.14ರಲ್ಲಿ ವಿಂಡೋಸ್‌ನ ಕಾಯುವ ವಿಧಾನವನ್ನು ಯಥಾವತ್ತಾಗಿ ಒದಗಿಸುವ ಎನ್‌ಟಿಸಿಂಕ್ ಸಿದ್ಧವಾಯಿತು. ಆಟಗಳ ಅಗತ್ಯಕ್ಕಾಗಿ ಕರ್ನೆಲ್ ಬದಲಾಗುವುದನ್ನು ಲೋಕಿಯ ಕಾಲದಲ್ಲಿ ಊಹಿಸುವುದೂ ಸಾಧ್ಯವಿರಲಿಲ್ಲ.

ಇನ್ನೂ ಒಂದು ಲಾಭವಿದೆ. ಹೊಸ ವಿಂಡೋಸ್‌ನಲ್ಲಿ ಓಡಲು ನಿರಾಕರಿಸುವ ಕೆಲವು ಹಳೆಯ ಆಟಗಳು ವೈನ್‌ನಲ್ಲಿ ಓಡುತ್ತವೆ. ಆಟಗಳೂ ಒಂದು ಕಾಲದ ಕೃತಿಗಳು. ಅವು ಉಳಿಯಬೇಕು ಎನ್ನುವವರಿಗೆ ಇದು ದೊಡ್ಡ ಆಸರೆ.

ಅನುವಾದದ ಮಿತಿಗಳು

ಹಾಗೆಂದು ಅನುವಾದ ಪರಿಪೂರ್ಣವಾಗಿಲ್ಲ. ಆಟದ ನಡುವೆ ಬರುವ ವಿಡಿಯೋ ದೃಶ್ಯಗಳನ್ನೇ ತೆಗೆದುಕೊಳ್ಳಿ. ಇವು ಪೇಟೆಂಟ್‌ಗೆ ಒಳಪಟ್ಟ ವಿಧಾನಗಳಲ್ಲಿ ಸಂಕುಚಿತವಾಗಿರುವುದರಿಂದ ಬಿಚ್ಚುವ ತಂತ್ರಾಂಶವನ್ನು ಪ್ರೋಟಾನ್ ಜತೆ ಸುಮ್ಮನೆ ಹಂಚುವಂತಿಲ್ಲ. ಕೆಲವು ಆಟಗಳಲ್ಲಿ ಕಥೆಯ ದೃಶ್ಯದ ಬದಲು ಟಿವಿಯ ಪರೀಕ್ಷಾ ಚಿತ್ರದಂತೆ ಬಣ್ಣದ ಪಟ್ಟಿಗಳು ಮೂಡುವುದು ಇದರಿಂದಲೇ. ವಾಲ್ವ್ ಅಂಥ ದೃಶ್ಯಗಳನ್ನು ಬೇರೆ ವಿಧಾನಕ್ಕೆ ಪರಿವರ್ತಿಸಿ ಸ್ಟೀಮ್ ಮೂಲಕ ಕಳಿಸುವ ವ್ಯವಸ್ಥೆ ಮಾಡಿದೆ. ಸ್ಟೀಮ್‌ನ ಹೊರಗೆ ಆಟ ಕೊಂಡವರಿಗೆ ಈ ಸೌಕರ್ಯವಿಲ್ಲ.

ನಮ್ಮಲ್ಲಿ ಅನೇಕರಿಗೆ ಮುಖ್ಯವಾಗುವ ಮಿತಿ ಇನ್ನೊಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. "ಹಳೆಯ ಗಣಕಕ್ಕೆ ಲಿನಕ್ಸ್ ಹಾಕಿ, ಆಟವನ್ನೂ ಆಡಿ" ಎಂಬ ಸಲಹೆ ಈಗ ಧಾರಾಳವಾಗಿ ಸಿಗುತ್ತಿದೆ. ಸಲಹೆಯ ಮೊದಲರ್ಧ ಸರಿ. ಎರಡನೆಯ ಅರ್ಧವನ್ನು ಎಚ್ಚರದಿಂದ ಸ್ವೀಕರಿಸಬೇಕು. 2022ರಲ್ಲಿ ಬಂದ ಡಿಎಕ್ಸ್‌ವಿಕೆ 2.0ರಿಂದೀಚೆಗೆ ಗ್ರಾಫಿಕ್ಸ್ ಚಿಪ್‌ಗೆ ವಲ್ಕನ್ 1.3ರ ಬೆಂಬಲ ಇರಲೇಬೇಕು. 2012-13ರ ಆಸುಪಾಸಿನ ಅನೇಕ ಚಿಪ್‌ಗಳಿಗೆ ಅದಿಲ್ಲ. ಅಂಥ ಗಣಕದಲ್ಲಿ ಲಿನಕ್ಸ್ ಚೆನ್ನಾಗಿಯೇ ನಡೆದೀತು, ಪತ್ರ ಬರೆಯಲು, ಪಾಠ ನೋಡಲು ಬಂದೀತು. ವಿಂಡೋಸ್‌ನಲ್ಲಿ ನಿಧಾನವಾಗಿಯಾದರೂ ನಡೆಯುತ್ತಿದ್ದ ಆಟ ಮಾತ್ರ ತೆರೆಯದೆ ಹೋದೀತು. ಈ ಮಾತನ್ನು ಮೊದಲೇ ಹೇಳದಿರುವುದು ಲಿನಕ್ಸ್ ಪ್ರಚಾರಕರ ತಪ್ಪು.

ಬಾಗಿಲಲ್ಲಿ ಕಾವಲುಗಾರ

ಈಗ ಮುಖ್ಯ ವಿಷಯಕ್ಕೆ ಬರೋಣ. ಅಂತರಜಾಲದಲ್ಲಿ ಹಲವರು ಒಟ್ಟಿಗೆ ಆಡುವ ಆಟಗಳಲ್ಲಿ ಮೋಸ ದೊಡ್ಡ ಪಿಡುಗು. ಗೋಡೆಯಾಚೆಯ ಎದುರಾಳಿಯನ್ನು ತೋರಿಸುವ, ತಾನಾಗಿ ಗುರಿ ಹಿಡಿಯುವ ತಂತ್ರಾಂಶಗಳು ದುಡ್ಡಿಗೆ ಸಿಗುತ್ತವೆ. ಇವನ್ನು ಹಿಡಿಯಲು ಆಂಟಿ-ಚೀಟ್ ಎಂಬ ಮೋಸತಡೆ ತಂತ್ರಾಂಶಗಳನ್ನು ಆಟದೊಂದಿಗೆ ಜೋಡಿಸಲಾಗುತ್ತದೆ. ಮೋಸಗಾರರು ವಿಂಡೋಸ್‌ನ ಕರ್ನೆಲ್‌ಗೇ ನುಗ್ಗತೊಡಗಿದಾಗ ಮೋಸತಡೆಯೂ ಅಲ್ಲಿಗೇ ಇಳಿಯಿತು. ರಾಯಟ್ ಗೇಮ್ಸ್‌ನ ವ್ಯಾನ್‌ಗಾರ್ಡ್ ಗಣಕ ಆರಂಭವಾಗುವಾಗಲೇ ಕರ್ನೆಲ್‌ನಲ್ಲಿ ಕೂರುತ್ತದೆ. ವೈನ್ ಅನುವಾದಿಸುವುದು ಆಟದ ಮಟ್ಟದ ಸೇವೆಗಳನ್ನು. ವಿಂಡೋಸ್ ಕರ್ನೆಲ್ ಎಂಬುದು ಲಿನಕ್ಸ್‌ನಲ್ಲಿ ಇಲ್ಲವೇ ಇಲ್ಲ. ಹೀಗಾಗಿ ಇಂಥ ಮೋಸತಡೆಗೆ ಕೂರಲು ಜಾಗವಿಲ್ಲ, ಆಟ ತೆರೆಯುವುದಿಲ್ಲ. ವೈನ್ ಮೂಲಕ ಎಷ್ಟೋ ವರ್ಷ ನಡೆದ 'ಲೀಗ್ ಆಫ್ ಲೆಜೆಂಡ್ಸ್' 2024ರಲ್ಲಿ ವ್ಯಾನ್‌ಗಾರ್ಡ್ ಸೇರಿದ ಬಳಿಕ ಲಿನಕ್ಸ್‌ನಲ್ಲಿ ನಿಂತುಹೋಯಿತು.

ಇದು ತಾಂತ್ರಿಕ ಅಡ್ಡಿಯೇ ಎಂದು ನೀವು ಹೇಳಬಹುದು. ಇಲ್ಲಿ ಹೌದು. ಆದರೆ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ವ್ಯಾಪಕ ಬಳಕೆಯಲ್ಲಿರುವ ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎಂಬ ಎರಡು ಮೋಸತಡೆಗಳು 2021ರ ಸೆಪ್ಟೆಂಬರ್‌ನಲ್ಲಿಯೇ ಪ್ರೋಟಾನ್‌ಗೆ ಬೆಂಬಲ ಘೋಷಿಸಿದವು. ಷರತ್ತು ಒಂದೇ: ಆಟದ ತಯಾರಕರು ಒಪ್ಪಿ ಆ ಸೌಲಭ್ಯವನ್ನು ಚಾಲೂ ಮಾಡಬೇಕು. ಕೆಲವರು ಮಾಡಿದರು, ಹಲವರು ಮಾಡಲಿಲ್ಲ. ಈಸಿ ಆಂಟಿ-ಚೀಟ್‌ನ ಒಡೆತನವಿರುವ ಎಪಿಕ್ ಗೇಮ್ಸ್ ಸಂಸ್ಥೆಯೇ ತನ್ನ 'ಫೋರ್ಟ್‌ನೈಟ್' ಆಟಕ್ಕೆ ಅದನ್ನು ಚಾಲೂ ಮಾಡುವುದಿಲ್ಲ ಎಂದು 2022ರಲ್ಲಿ ಹೇಳಿತು!

ಕೊಟ್ಟದ್ದನ್ನು ಕಿತ್ತುಕೊಂಡ ಪ್ರಸಂಗಗಳು ಇನ್ನೂ ಕೆಟ್ಟವು. 'ಗ್ರ್ಯಾಂಡ್ ಥೆಫ್ಟ್ ಆಟೊ 5' ಆಟದ ಆನ್‌ಲೈನ್ ಭಾಗ ಲಿನಕ್ಸ್‌ನಲ್ಲಿ ನಡೆಯುತ್ತಿತ್ತು. 2024ರ ಸೆಪ್ಟೆಂಬರ್‌ನಲ್ಲಿ ತಯಾರಕರು ಅದಕ್ಕೆ ಬ್ಯಾಟಲ್‌ಐ ಸೇರಿಸಿದರು, ಪ್ರೋಟಾನ್ ಬೆಂಬಲವನ್ನು ಚಾಲೂ ಮಾಡಲಿಲ್ಲ. ದುಡ್ಡು ಕೊಟ್ಟು ಕೊಂಡವರು ಒಂದು ಬೆಳಗ್ಗೆ ಹೊರಗುಳಿದರು. 2024ರ ಅಕ್ಟೋಬರ್ ಕೊನೆಗೆ 'ಏಪೆಕ್ಸ್ ಲೆಜೆಂಡ್ಸ್' ಆಟವೂ ಲಿನಕ್ಸ್‌ಗೆ ಬಾಗಿಲು ಹಾಕಿತು. ಲಿನಕ್ಸ್‌ನ ಮುಕ್ತ ಸ್ವಭಾವವೇ ಮೋಸಗಾರರಿಗೆ ಅನುಕೂಲವಾಗಿದೆ ಎಂಬುದು ತಯಾರಕರು ಕೊಟ್ಟ ಕಾರಣ.

ಈ ಕಾರಣವನ್ನು ತಳ್ಳಿಹಾಕುವಂತಿಲ್ಲ. ಕರ್ನೆಲ್ ಅನ್ನೇ ತಿದ್ದಿ ಮರುಸಂಕಲಿಸುವ ಸ್ವಾತಂತ್ರ್ಯ ಇರುವೆಡೆ ಗಣಕ ಕೊಡುವ ಸಾಕ್ಷ್ಯವನ್ನು ನಂಬುವುದು ಕಷ್ಟ. ಆದರೆ ಅವರ ಪರಿಹಾರದ ಬೆಲೆಯನ್ನೂ ಲೆಕ್ಕ ಹಾಕಬೇಕು. 'ಗೆನ್‌ಶಿನ್ ಇಂಪ್ಯಾಕ್ಟ್' ಆಟದ ಮೋಸತಡೆ ಡ್ರೈವರ್ ಅನ್ನೇ ಬಳಸಿಕೊಂಡು ದುಷ್ಕರ್ಮಿಗಳು ವೈರಸ್‌ತಡೆ ತಂತ್ರಾಂಶವನ್ನು ಕೆಡವಿದ್ದು 2022ರಲ್ಲಿ ಬೆಳಕಿಗೆ ಬಂತು. ಆಟಗಳಿಗೆ ಸಂಬಂಧಿಸಿದ್ದಲ್ಲವಾದರೂ, 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಕರ್ನೆಲ್ ಮಟ್ಟದ ರಕ್ಷಣಾ ತಂತ್ರಾಂಶಕ್ಕೆ ಬಂದ ಒಂದು ದೋಷಪೂರಿತ ಕಡತ ಸುಮಾರು 85 ಲಕ್ಷ ವಿಂಡೋಸ್ ಗಣಕಗಳನ್ನು ಕೆಡವಿತು. ಕರ್ನೆಲ್‌ನಲ್ಲಿ ಹೊರಗಿನವರಿಗೆ ಜಾಗ ಕೊಟ್ಟರೆ ಏನಾಗಬಹುದು ಎಂಬುದಕ್ಕೆ ಬೇರೆ ಪಾಠ ಬೇಕಿಲ್ಲ. ಆಟವೊಂದಕ್ಕಾಗಿ ಇಡೀ ಗಣಕದ ಕೀಲಿಕೈಯನ್ನು ಒಪ್ಪಿಸುವುದು ಸರಿಯೇ? ಈ ಪ್ರಶ್ನೆಯನ್ನು ವಿಂಡೋಸ್ ಬಳಸುವವರೂ ಕೇಳಿಕೊಳ್ಳಬೇಕು.

ಮಧ್ಯದ ದಾರಿಯೊಂದನ್ನು ಕೆಲವರು ಸೂಚಿಸುತ್ತಾರೆ. ಸಹಿ ಮಾಡಿದ, ತಿದ್ದಲಾಗದ ಒಂದು 'ಪ್ರಮಾಣಿತ' ಲಿನಕ್ಸ್ ಇರಲಿ. ಅದರಲ್ಲಿ ಮಾತ್ರ ಆಟ ನಡೆಯಲಿ ಎಂಬುದು ಅದರ ಸಾರ. ಒಪ್ಪಿದರೆ ಆಟಗಳು ಸಿಗುತ್ತವೆ, ನಿಜ. ಆದರೆ ನಿಮ್ಮ ಗಣಕದ ತಂತ್ರಾಂಶವನ್ನು ನೀವೇ ತಿದ್ದಬಹುದು ಎಂಬ ಲಿನಕ್ಸ್‌ನ ಮೂಲ ಗುಣ ಅಲ್ಲಿ ಉಳಿಯುವುದಿಲ್ಲ. ಅದರ ಬದಲು, ಎದುರಾಳಿಯ ಸ್ಥಾನದಂಥ ಮಾಹಿತಿಯನ್ನು ಅಗತ್ಯವಿಲ್ಲದಾಗ ಆಟಗಾರನ ಗಣಕಕ್ಕೆ ಕಳಿಸದೆ, ಅಸಹಜ ಆಟವನ್ನು ಸರ್ವರ್‌ನಲ್ಲೇ ಪತ್ತೆಹಚ್ಚುವ ವಿಧಾನಗಳಿಗೆ ತಯಾರಕರು ಹೆಚ್ಚು ಹಣ, ಶ್ರಮ ಹಾಕಬೇಕು. ವಾಲ್ವ್‌ನ 'ಕೌಂಟರ್-ಸ್ಟ್ರೈಕ್ 2' ಕರ್ನೆಲ್ ಮೋಸತಡೆ ಇಲ್ಲದೆ ಲಿನಕ್ಸ್‌ನಲ್ಲೂ ನಡೆಯುತ್ತದೆ. ಮೋಸದ ದೂರುಗಳಿಂದ ಅದು ಮುಕ್ತವಾಗಿಲ್ಲ ಎಂಬುದನ್ನೂ ಹೇಳಬೇಕು.

ಅನುವಾದದ ನೆರಳಲ್ಲಿ ಮೂಲ

ಮೊದಲು ಹೇಳಿದ ಇನ್ನೊಂದು ಸಂಗತಿಗೆ ಮರಳೋಣ. ಪ್ರೋಟಾನ್ ಇರುವಾಗ ಲಿನಕ್ಸ್‌ಗೆಂದೇ ಆಟ ಬರೆಯುವ ಶ್ರಮ ಏಕೆ ಎಂದು ತಯಾರಕರು ಕೇಳುತ್ತಾರೆ. 'ರಾಕೆಟ್ ಲೀಗ್' ಆಟದ ಲಿನಕ್ಸ್ ಆವೃತ್ತಿಗೆ 2020ರ ಮಾರ್ಚ್‌ನಲ್ಲಿ ಬೆಂಬಲ ನಿಂತಿತು; ಆಗ ಲಿನಕ್ಸ್ ಆಟಗಾರರಿಗೆ ಉಳಿದದ್ದು ವಿಂಡೋಸ್ ಆವೃತ್ತಿಯನ್ನು ಅನುವಾದದ ಮೂಲಕ ಆಡುವ ದಾರಿ.

ಇದಕ್ಕೆ ತಯಾರಕರನ್ನಷ್ಟೇ ದೂರಿದರೆ ಅನ್ಯಾಯವಾದೀತು. ಲಿನಕ್ಸ್ ಕರ್ನೆಲ್ ಹಳೆಯ ತಂತ್ರಾಂಶಗಳನ್ನು ಕೆಡಿಸದಂತೆ ಎಚ್ಚರ ವಹಿಸುತ್ತದೆ. ಆದರೆ ಅದರ ಮೇಲಿನ ಪದರಗಳಲ್ಲಿ ಅಷ್ಟು ಶಿಸ್ತು ಕಾಣುವುದಿಲ್ಲ. 2022ರಲ್ಲಿ ಬಂದ ಜಿಲಿಬ್‌ಸಿ 2.36 ಎಂಬ ಮೂಲ ಭಂಡಾರದ ಆವೃತ್ತಿಯಲ್ಲಿ ಹಳೆಯ ಒಂದು ಕೋಷ್ಟಕವನ್ನು ಕೈಬಿಟ್ಟಿದ್ದರಿಂದ ಈಸಿ ಆಂಟಿ-ಚೀಟ್ ಬಳಸುವ ಆಟಗಳು ಕೆಟ್ಟುನಿಂತವು. ಉಬುಂಟು ತಯಾರಿಸುವ ಕೆನಾನಿಕಲ್ 2019ರಲ್ಲಿ 32 ಬಿಟ್ ಭಂಡಾರಗಳನ್ನೇ ಕೈಬಿಡುವುದಾಗಿ ಹೇಳಿ, ಆಟಗಾರರು ಮತ್ತು ವಾಲ್ವ್ ವಿರೋಧಿಸಿದ ಮೇಲೆ ಹಿಂದೆಗೆಯಿತು. ಹತ್ತು ವರ್ಷದ ಹಿಂದಿನ ಲಿನಕ್ಸ್ ಆಟಕ್ಕಿಂತ ಅದೇ ಆಟದ ವಿಂಡೋಸ್ ಆವೃತ್ತಿ ಪ್ರೋಟಾನ್ ಮೂಲಕ ಚೆನ್ನಾಗಿ ಓಡುವ ವಿಪರ್ಯಾಸ ಹುಟ್ಟಿದ್ದು ಹೀಗೆ. ಲಿನಕ್ಸ್‌ನಲ್ಲಿ ಎಲ್ಲಕ್ಕಿಂತ ಸ್ಥಿರವಾದ ಸಂಪರ್ಕ ಪದರ ವಿಂಡೋಸ್‌ನದೇ ಎಂಬ ಹಾಸ್ಯದಲ್ಲಿ ಸತ್ಯಾಂಶವಿದೆ.

ಅವಲಂಬನೆಯ ಅಪಾಯವೂ ಉಂಟು. ನಾಳೆ ಮೈಕ್ರೋಸಾಫ್ಟ್ ಡೈರೆಕ್ಟ್‌ಎಕ್ಸ್ ಅನ್ನು ಬದಲಿಸಿದರೆ ಅನುವಾದಕರು ಹಿಂದೆ ಹಿಂದೆ ಓಡಬೇಕು. ಈ ಓಟಕ್ಕೆ ದುಡ್ಡು ಹಾಕುತ್ತಿರುವುದು ಹೆಚ್ಚಾಗಿ ಒಂದೇ ಸಂಸ್ಥೆ. ಸಮಾಧಾನವೆಂದರೆ ವೈನ್, ಡಿಎಕ್ಸ್‌ವಿಕೆ, ಪ್ರೋಟಾನ್‌ಗಳ ಆಕರ ಸಂಕೇತ ಮುಕ್ತವಾಗಿದೆ. ವಾಲ್ವ್ ಕೈಬಿಟ್ಟರೂ ಆಗಿರುವ ಕೆಲಸ ಕಳೆದುಹೋಗುವುದಿಲ್ಲ, ಇನ್ನೊಬ್ಬರು ಮುಂದುವರಿಸಬಹುದು. ಲೋಕಿ ಮುಚ್ಚಿದಾಗ ಎಸ್‌ಡಿಎಲ್ ಉಳಿದದ್ದೂ ಹೀಗೆಯೇ ಅಲ್ಲವೇ?

ನೀವೇನು ಮಾಡಬಹುದು?

ಸ್ಟೀಮ್‌ನ ಮಾಸಿಕ ಸಮೀಕ್ಷೆಯಲ್ಲಿ ಲಿನಕ್ಸ್ ಬಳಕೆದಾರರ ಪ್ರಮಾಣ 2025ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ಶೇ. 3 ದಾಟಿತು. ವಿಂಡೋಸ್‌ನ ಶೇ. 90ಕ್ಕೂ ಮೀರಿದ ಪಾಲಿನ ಮುಂದೆ ಇದು ಅಲ್ಪ. ಆದರೆ ತಯಾರಕರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಮಟ್ಟಕ್ಕೆ ಹತ್ತಿರ ಬರುತ್ತಿದೆ.

ಲಿನಕ್ಸ್‌ಗೆ ಬದಲಾಗುವ ಯೋಚನೆ ನಿಮಗಿದ್ದರೆ, ನೀವು ನಿಜವಾಗಿ ಆಡುವ ಆಟಗಳ ಪಟ್ಟಿ ಮೊದಲು ಮಾಡಿಕೊಳ್ಳಿ. ಒಬ್ಬರೇ ಆಡುವ ಆಟಗಳಾದರೆ ಬಹುಮಟ್ಟಿಗೆ ಧೈರ್ಯವಾಗಿ ಬದಲಾಗಬಹುದು. ಆನ್‌ಲೈನ್ ಆಟಗಳಾದರೆ ಅದರ ಮೋಸತಡೆ ಯಾವುದು, ಲಿನಕ್ಸ್‌ಗೆ ಚಾಲೂ ಆಗಿದೆಯೇ ಎಂದು ವಿಚಾರಿಸಿ. ಇಂದು ನಡೆದದ್ದು ನಾಳೆ ನಿಲ್ಲಬಹುದು ಎಂಬುದೂ ನೆನಪಿರಲಿ. ಗ್ರಾಫಿಕ್ಸ್ ಚಿಪ್‌ಗೆ ವಲ್ಕನ್ 1.3 ಇದೆಯೇ ನೋಡಿ. ಆಟದ ತಯಾರಕರು ಲಿನಕ್ಸ್ ಆವೃತ್ತಿ ಕೊಟ್ಟಿದ್ದರೆ ಅದನ್ನು ಕೊಂಡು, ದೋಷ ಕಂಡರೆ ತಿಳಿಸಿ. ಮುಂದಿನ ಆಟಕ್ಕೂ ಅದು ದಾರಿಯಾದೀತು.

ಮೂರು ದಶಕಗಳ ಹಿಂದೆ ಅಸಾಧ್ಯವೆನಿಸಿದ್ದ ಅನುವಾದದ ಕೆಲಸವನ್ನು ಮುಕ್ತ ತಂತ್ರಾಂಶದ ದುಡಿಮೆ ಬಹುಪಾಲು ಮುಗಿಸಿದೆ. ಉಳಿದಿರುವ ತೊಡಕನ್ನು ಇನ್ನಷ್ಟು ಆಕರ ಸಂಕೇತ ಬರೆದು ಬಿಡಿಸಲಾಗದು. ದುಡ್ಡು ಕೊಟ್ಟು ಕೊಂಡ ಆಟವನ್ನು ತನ್ನ ಗಣಕದಲ್ಲಿ ಆಡಲು ಆಟಗಾರನಿಗೆ ಎಷ್ಟು ಹಕ್ಕಿದೆ, ಆ ಗಣಕದೊಳಗೆ ಇಣುಕಲು ತಯಾರಕನಿಗೆ ಎಷ್ಟು ಹಕ್ಕಿದೆ ಎಂಬುದು ತೀರ್ಮಾನವಾಗಬೇಕು. ಅದನ್ನು ತಯಾರಕರೊಬ್ಬರೇ ತೀರ್ಮಾನಿಸುವಂತಾಗಬಾರದು. ಕೊಳ್ಳುವವರಾದ ನೀವೂ ಮಾತನಾಡಬೇಕು.